ಮಂಗಳ ಗ್ರಹದಲ್ಲಿ ಅಕ್ಕನ ಹೆಜ್ಜೆ

ನಮ್ಮ ನಡುಮನೆಯ ಗೋಡೆಯ ಮೇಲೆ ದಕ್ಷಿಣ ಅಮೆರಿಕ ಖಂಡವಿದೆ. ಮೂರು ವರ್ಷಗಳಲ್ಲಿ ತಾನೇ ತಾನಾಗಿ ಮೂಡಿದ ಆ ತೇವದ ಕಲೆಯನ್ನು ನನ್ನ ಹೆಂಡತಿ ಸೋರಿಕೆ ಎನ್ನುತ್ತಾಳೆ. ಮೂವತ್ತು ವರ್ಷ ಹರಿಹರದ ಶಾಲೆಯೊಂದರಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದ ನಾನು ಅದರಲ್ಲಿ ಅಮೆಜಾನ್ ನದಿಯ ಹರಿವನ್ನೂ ಗುರುತಿಸಿ, ಬಣ್ಣ ಬಳಿಯುವವನನ್ನು ಎರಡು ಸಲ ಬಾಗಿಲಿಂದಲೇ ವಾಪಸು ಕಳಿಸಿದ್ದೇನೆ.

ನೀವು ನಗಬಹುದು. ಆದರೆ ಮೋಡದಲ್ಲಿ ಆನೆಯನ್ನೋ, ದೋಸೆಯ ತೂತುಗಳಲ್ಲಿ ಚಂದ್ರನ ಕುಳಿಗಳನ್ನೋ ಒಮ್ಮೆಯೂ ಕಾಣದವರು ನಿಮ್ಮಲ್ಲಿ ಯಾರಿದ್ದೀರಿ? ನನ್ನದು ಆ ಚಟದ ಉಲ್ಬಣಾವಸ್ಥೆ, ಅಷ್ಟೇ. ಆಕಾಶದಿಂದ ತೆಗೆದ ಯಾವ ಚಿತ್ರ ತೋರಿಸಿದರೂ ಇದು ಸಹಾರಾ, ಇದು ಗುರುಗ್ರಹದ ಸುಳಿ ಎಂದು ಕ್ಷಣಾರ್ಧದಲ್ಲಿ ಹೇಳಬಲ್ಲೆನೆಂಬ ಜಂಬ ನನಗೆ. ಆ ಜಂಬವನ್ನು ನಂಬಿಯೇ ನನ್ನ ಹಳೆಯ ಶಾಲೆಯವರು ಕಳೆದ ತಿಂಗಳು ಭೂಮಿ ಮತ್ತು ಬಾನಿನ ಬೆರಗುಗಳ ಕುರಿತು ಚಿತ್ರಸಹಿತ ಉಪನ್ಯಾಸಕ್ಕೆ ಕರೆದರು.

ಚಿತ್ರಗಳನ್ನು ಜೋಡಿಸಿಕೊಟ್ಟವಳು ನನ್ನ ಅಕ್ಕ ಗಿರಿಜಕ್ಕನ ಮಗಳು ರೇಖಾ. ಮದುವೆಗಳಲ್ಲಿ ಡ್ರೋನ್ ಹಾರಿಸಿ ಫೋಟೊ ತೆಗೆಯುವುದು ಅವಳ ವೃತ್ತಿ. ಅವಳು ಕಳಿಸಿದ ಚಿತ್ರಗಳಲ್ಲಿ ಹೆಸರಿಲ್ಲದ್ದೊಂದಿತ್ತು: ಕೆಂಗಂದು ನೆಲ, ಅದರ ಮೇಲೆ ಬಾಚಣಿಗೆ ಆಡಿಸಿದಂತೆ ಸಾಲು ಸಾಲು ಏರಿಳಿತ. ರೇಖಾಳನ್ನು ಒಂದು ಮಾತು ಕೇಳಬಹುದಿತ್ತು. ಪಂಡಿತರು ಕೇಳುವುದುಂಟೆ? ‘ಮಂಗಳ ಗ್ರಹದ ಮರಳು ದಿಬ್ಬಗಳು’ ಎಂದು ನಾನೇ ನಾಮಕರಣ ಮಾಡಿಬಿಟ್ಟೆ.

ಉಪನ್ಯಾಸ ಕೇಳಲು ಗಿರಿಜಕ್ಕನನ್ನೂ ದಾವಣಗೆರೆಯಿಂದ ಕರೆದೊಯ್ದಿದ್ದೆ. ನಮ್ಮದು ಭತ್ತದಿಂದ ಮಂಡಕ್ಕಿ ಹುರಿಯುವ ಭಟ್ಟಿಯವರ ಮನೆ. ಅಪ್ಪ ತೀರಿಕೊಂಡ ಮೇಲೆ ಭಟ್ಟಿಯನ್ನೂ ನನ್ನ ಓದನ್ನೂ ನಡೆಸಿದವಳು ಅವಳೇ. ಬೇಯಿಸಿದ ಭತ್ತವನ್ನು ಕಣದಲ್ಲಿ ಹರವಿ, ಪಾದವನ್ನು ನೆಲದಿಂದ ಎತ್ತದೆ ಎಳೆಯುತ್ತಾ ನಡೆದು ಮಗುಚುವ ಕೆಲಸವನ್ನು ಆಳುಗಳಿದ್ದರೂ ಯಾರಿಗೂ ಬಿಟ್ಟುಕೊಡದಿದ್ದವಳು, ಮಂಡಿಯ ಆಪರೇಷನ್ ಆದ ಮೇಲೆ ಕುರ್ಚಿ ಹಿಡಿದಿದ್ದಳು. ಇನ್ನು ಈ ಕಾಲುಗಳಿಂದ ಯಾರಿಗೇನು ಉಪಯೋಗ ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದಳು.

ಉಪನ್ಯಾಸ ಸೊಗಸಾಗಿಯೇ ಸಾಗಿತು. ಮಂಗಳ ಗ್ರಹದ ಸರದಿ ಬಂದಾಗ, ಕೋಟ್ಯಂತರ ವರ್ಷಗಳಿಂದ ಬೀಸುವ ಗಾಳಿ ಈ ಗೆರೆಗಳನ್ನು ಹೇಗೆ ಕೊರೆಯಿತೆಂದು ನಾನು ಕೈ ಬೀಸಿ ಬೀಸಿ ವರ್ಣಿಸುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಅಕ್ಕ ಕೋಲೂರಿ ಎದ್ದು, ಪರದೆಯ ಹತ್ತಿರ ಬಂದು, ನಿಧಾನವಾಗಿ ನೋಡಿದಳು.

“ಗಾಳಿ ಅಲ್ಲಪ್ಪ, ಇದು ನಮ್ ಕಣ ಐತೆ. ನೋಡಿಲ್ಲಿ, ತಿರುಗೋ ಕಡೆ ಎಲ್ಲಾ ಎಡಗಾಲಿನ ಗೆರೆ ಕೊಕ್ಕೆ ಆಗೈತೆ. ನಂದೇ ಕಾಲು.”

ಅವಳ ಎಡಪಾದ ಹುಟ್ಟಿನಿಂದಲೇ ಕೊಂಚ ಒಳಕ್ಕೆ ತಿರುಗಿದೆ. ಹಿಂದೆ ಕುಳಿತಿದ್ದ ರೇಖಾ ಹೌದೆಂದು ತಲೆಯಾಡಿಸಿದಳು. ಆಪರೇಷನ್ನಿಗೆ ಮುಂಚೆ, ಸಂಜೆಬಿಸಿಲಲ್ಲಿ, ಅವಳೇ ಡ್ರೋನಿನಿಂದ ತೆಗೆದದ್ದಂತೆ. ಮೂವತ್ತು ವರ್ಷದ ಪಾಂಡಿತ್ಯವನ್ನು ಉಳಿಸಿಕೊಳ್ಳಲು ಒಂದು ಸುಳ್ಳು ಸಾಕಿತ್ತು, ನಾಲಗೆಯ ತುದಿಗೂ ಬಂದಿತ್ತು. ಆದರೆ ಅಕ್ಕ ಆ ಗೆರೆಗಳನ್ನು ಬೆರಳಿನಿಂದ ಸವರುತ್ತಾ ನಗುತ್ತಿದ್ದಳು, ಎಷ್ಟೋ ತಿಂಗಳ ಮೇಲೆ. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಆ ಭತ್ತದಿಂದಲೇ ಹೊಟ್ಟೆ ಹೊರೆದವನಿಗೆ ಅದರ ಗುರುತು ಸಿಗಲಿಲ್ಲವೆಂದೂ, ಈ ಕಾಲುಗಳು ನಡೆದದ್ದರಿಂದಲೇ ನಾನು ಮೇಷ್ಟ್ರಾದೆನೆಂದೂ ಮೈಕಿನಲ್ಲೇ ಹೇಳಿದೆ. ಆಗ ಬಿದ್ದ ಚಪ್ಪಾಳೆ ನನಗಾಗಿ ಅಲ್ಲವೆಂಬುದು ನನಗೂ ಗೊತ್ತಿತ್ತು, ಆದರೂ ಅಂಥ ಸಂತೋಷ ಯಾವ ಚಪ್ಪಾಳೆಯಿಂದಲೂ ಸಿಕ್ಕಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ನನ್ನನ್ನು ಪಕ್ಕಕ್ಕೆ ಸರಿಸಿ ಅಕ್ಕನ ಜೊತೆ ಸೆಲ್ಫಿ ತೆಗೆದುಕೊಂಡರು.

ಅಂದೇ ನಮ್ಮ ಮನೆಗೆ ಬಂದ ಅಕ್ಕ ದಕ್ಷಿಣ ಅಮೆರಿಕವನ್ನೂ ಒಂದು ಗಳಿಗೆ ನೋಡಿ, ಗೋಡೆಯೊಳಗಿನ ಪೈಪು ಒಡೆದಿದೆಯೆಂದಳು. ಹೆಂಡತಿ ನನ್ನ ಮುಖ ನೋಡಿದಳು. ಮರುದಿನ ಪ್ಲಂಬರ್ ಬಂದ. ಖಂಡವೀಗ ಬತ್ತುತ್ತಾ ಬತ್ತುತ್ತಾ ಶ್ರೀಲಂಕಾದಷ್ಟಾಗಿದೆ. ಅದರ ಪಕ್ಕದಲ್ಲಿ ಕಣದ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಕೆಳಗಿದ್ದ ‘ಮಂಗಳ ಗ್ರಹದ ಮರಳು ದಿಬ್ಬಗಳು’ ಎಂಬ ಹೆಸರನ್ನು ತಿದ್ದಿಸಲು ಹೊರಟಾಗ ಅಕ್ಕ ತಡೆದಳು.

“ಬ್ಯಾಡ, ಇರಲಿ ಬಿಡು. ಅಷ್ಟು ದೂರ ನಡೆದೀನಿ ಅಂತ ನಾಕ್ ಜನ ತಿಳ್ಕಳ್ಳಿ.”