ಕಿತ್ತು ಬಿಸಾಡಿದ ಆರು ಮುಚ್ಚಳ

ಮೊನ್ನೆ ಅಲ್ ರೀಮ್‌ನ ನಮ್ಮ ಫ್ಲ್ಯಾಟಿನಲ್ಲಿ ಮಗಳು ಸೋಡಾ ಬಾಟಲಿ ತೆರೆದಳು. ತಗಡಿನ ಮುಚ್ಚಳ ಟೈಲ್ಸ್ ಮೇಲೆ ಬಿದ್ದು ಝಿರ್ರೆಂದು ಸುತ್ತಿ ನಿಂತಿತು. ನಾನು ಅದನ್ನೇ ನೋಡುತ್ತಿದ್ದೆ. "ವಾಟ್ ಹ್ಯಾಪನ್ಡ್, ಪಪ್ಪಾ?" ಎಂದಳು. ಏನಿಲ್ಲ ಎಂದೆ. ಆದರೆ ಮನಸ್ಸು ಆಗಲೇ, ಗಲ್ಫಿಗೆ ಬಂದ ಹೊಸತರಲ್ಲಿ ನಾವು ಕೆಲವರು ಕೋಣೆ ಹಂಚಿಕೊಂಡಿದ್ದ ಸತ್ವಾದ ಹಳೆಯ ವಿಲ್ಲಾ ಸೇರಿತ್ತು...

ಅಲ್ಲಿ ಪಕ್ಕದ ಕೋಣೆಯಲ್ಲಿ ಜಿಂಬಾಬ್ವೆಯ ಸೆಕ್ಯುರಿಟಿ ಗಾರ್ಡ್ ಒಬ್ಬರಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಬಳಿ ಎಂಬಿರಾ ಎಂಬ ವಾದ್ಯವಿತ್ತು. ಮರದ ಹಲಗೆ, ಅದರ ಮೇಲೆ ಕಬ್ಬಿಣದ ಸಣ್ಣ ಪಟ್ಟಿಗಳು. ಹೆಬ್ಬೆರಳಿನಿಂದ ಮೀಟಿದರೆ ಹನಿಹನಿಯಾಗಿ ಸ್ವರ ಬೀಳುತ್ತಿತ್ತು, ಜೊತೆಗೇ ಹಲಗೆಗೆ ಹೊಡೆದಿದ್ದ ಆರು ಬಾಟಲಿ ಮುಚ್ಚಳಗಳು ಝಿರ್ ಅನ್ನುತ್ತಿದ್ದವು. ಅವರ ಕೋಣೆಯಲ್ಲಿ ಎಂಟು ಜನ, ಜಾಗವಿಲ್ಲ. ಹಾಗಾಗಿ ವಾದ್ಯ ನಮ್ಮ ಕಪಾಟಿನಲ್ಲಿರುತ್ತಿತ್ತು. ಶುಕ್ರವಾರ ಮಧ್ಯಾಹ್ನ ಅವರು ನುಡಿಸಲು ಕೂತರೆ ನಾವು ಒಲೆಯ ಮೇಲಿನ ಸಾರನ್ನೂ ಮರೆಯುತ್ತಿದ್ದೆವು.

ಊರಿನಲ್ಲಿ ಅವರ ತಾಯಿ ಹಾಸಿಗೆ ಹಿಡಿದರು. ಮಗ ನುಡಿಸುವುದನ್ನು ಒಮ್ಮೆ ಕೇಳಬೇಕೆಂಬುದೊಂದೇ ಅವರ ಆಸೆ. ಇವರಿಗೆ ರಜೆ ಸಿಗಲಿಲ್ಲ. "ನಿನ್ನ ಫೋನ್ ಚೆನ್ನಾಗಿದೆ, ರೆಕಾರ್ಡ್ ಮಾಡಿಕೊಡ್ತೀಯಾ, ಬ್ರದರ್?" ಎಂದು ಕೇಳಿದರು.

ನನ್ನ ಅತಿಬುದ್ಧಿ ಸುಮ್ಮನಿರಲಿಲ್ಲ. ಆ ಝಿರ್ ಸದ್ದಿಲ್ಲದೆ ರೆಕಾರ್ಡಿಂಗ್ ಸ್ವಚ್ಛವಾಗಿ ಬರಲಿ ಎಂದು, ಅವರು ಡ್ಯೂಟಿಗೆ ಹೋಗಿದ್ದಾಗ ಇಕ್ಕಳ ಹಿಡಿದು ಆರೂ ಮುಚ್ಚಳ ಕಿತ್ತು ಕಸಕ್ಕೆ ಹಾಕಿದೆ. ಹಲಗೆಗೆ ಎಣ್ಣೆ ಬೇರೆ ಸವರಿದೆ!

ಶುಕ್ರವಾರ ಅವರು ಒಮ್ಮೆ ಮೀಟಿ ಕೈ ನಿಲ್ಲಿಸಿಬಿಟ್ಟರು. ನಾನು ಮಾಡಿದ್ದನ್ನು ಹೇಳಿದೆ. ಬಂಟ್ವಾಳದ ನನ್ನ ರೂಮ್‌ಮೇಟ್ ಹಣೆ ಚಚ್ಚಿಕೊಂಡ. "ಎಂಥ ಮಾರಾಯ, ಖಲಾಸ್ ಮಾಡಿದೆಯಲ್ಲ ನೀನು!"

ಅವರು ಮಾತ್ರ ಮೆಲ್ಲಗೆ, "ಆ ಸದ್ದು ಕೇಳಿಯೇ ತೀರಿಹೋದ ನಮ್ಮ ಹಿರಿಯರು ಹತ್ತಿರ ಬರೋದು, ಬ್ರದರ್" ಎಂದರು.

ತಂಬೂರಿಯ ತಂತಿಯಡಿ ದಾರದ ಎಳೆ ಸಿಕ್ಕಿಸಿ ನಾದಕ್ಕೆ ಜೀವ ಬರಿಸುತ್ತಿದ್ದ ಸೋದರತ್ತೆಯನ್ನು ನೋಡುತ್ತಲೇ ಬೆಳೆದವನು ನಾನು. ಆ ದಾರವನ್ನು ಯಾರಾದರೂ ಕಸವೆಂದು ಎಸೆದಿದ್ದರೆ ಅತ್ತೆ ಅವರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನನಗೆ ಹೊಳೆಯಬೇಕಿತ್ತು.

ಅತ್ತ ಜಿಂಬಾಬ್ವೆಯ ಆಸ್ಪತ್ರೆಯಲ್ಲಿ, ತಾಯಿಯ ಪಕ್ಕ, ಅವರ ತಮ್ಮ ಫೋನ್ ಹಿಡಿದು ಕಾಯುತ್ತಿದ್ದ. ಬೇರೆ ಮುಚ್ಚಳ ಹೊಂದಿಸುವಷ್ಟು ಹೊತ್ತಿರಲಿಲ್ಲ. ಹಾಗೆಯೇ ನುಡಿಸಿದರು, ಕಳಿಸಿದೆವು. ಸಂಜೆ ಉತ್ತರ ಬಂತು. ತಾಯಿ ಪೂರ್ತಿ ಕೇಳಿ, "ಚೆನ್ನಾಗಿದೆ, ಯಾರಿದು? ನನ್ನ ಮಗ ಯಾವಾಗ ನುಡಿಸ್ತಾನೆ?" ಎಂದರಂತೆ.

ಮರುದಿನವೇ ಹೊಸ ಮುಚ್ಚಳ ಹೊಡೆದು ಮತ್ತೆ ನುಡಿಸಿ ಕಳಿಸಿದರು. ಅಷ್ಟರಲ್ಲಿ ತಾಯಿ ಇರಲಿಲ್ಲ...

ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಲವು ತಿಂಗಳಲ್ಲಿ ವೀಸಾ ಮುಗಿದು ಹೊರಟುಹೋದರು. ಅವರ ನಂಬರಿಗೆ ಈಗ ಕರೆ ಹೋಗುವುದಿಲ್ಲ. ಎರಡು ರೆಕಾರ್ಡಿಂಗೂ ನನ್ನ ಬಳಿ ಇವೆ. ಎರಡನೆಯದನ್ನು ಆಗಾಗ ಕೇಳುತ್ತೇನೆ. ಅವರ ತಾಯಿ ಕೇಳಿದ್ದು ಮೊದಲನೆಯದನ್ನು. ಅದನ್ನು ಹಾಕುವ ಧೈರ್ಯ ನನಗಿನ್ನೂ ಬಂದಿಲ್ಲ.