ವಿದರ್ಲಿಯ ಮೇಲ್ಮಹಡಿ ಸಿಕ್ಕ ಬೆಳಗು

2024ರ ಜೂನ್ 9, ಭಾನುವಾರ, ಬೆಳಗಿನ ಜಾವ ಐದು ಗಂಟೆ ಇಪ್ಪತ್ತು ನಿಮಿಷ. ಇಂಗ್ಲೆಂಡಿನ ಲಡ್ಲೋ ಪಟ್ಟಣದ ಹೊರಗಿನ ಹುಲ್ಲುಗಾವಲಿನಲ್ಲಿ ಹಳೆಯ ಸಾಮಾನಿನ ಸಂತೆಗೆ ಬಂದ ಕಾರುಗಳು ಸಾಲಾಗಿ ನಿಂತು ಡಿಕ್ಕಿ ತೆರೆಯುತ್ತಿವೆ. ಹಿಲ್ಡಾ ಪ್ರಾಸರ್ ಒದ್ದೆ ಹುಲ್ಲಿನಲ್ಲಿ, ಹಳೆಯ ಪುಸ್ತಕ ತುಂಬಿದ ಬಾಳೆಹಣ್ಣಿನ ಪೆಟ್ಟಿಗೆಯೊಂದರ ಮುಂದೆ ಮಂಡಿಯೂರಿದ್ದಾರೆ. ಕೈಯಲ್ಲಿ ಚರ್ಮದ ಹೊದಿಕೆಯ ದಪ್ಪ ಪುಸ್ತಕ.

ವಿದರ್ಲಿ ಹಾಲ್ ಎಂಬ ಜಮೀನ್ದಾರಿ ಮನೆಯಲ್ಲಿ ಧೂಳು ಒರೆಸುವುದು ಹಿಲ್ಡಾ ಅವರ ಇಪ್ಪತ್ತಾರು ವರ್ಷದ ಕೆಲಸ. ಕುರ್ಚಿಯ ಕಾಲು, ಗಡಿಯಾರದ ಹೊಟ್ಟೆ, ಕನ್ನಡಿಯ ಚೌಕಟ್ಟು, ಎಲ್ಲಕ್ಕೂ ಅವರ ಮೆತ್ತನೆಯ ಕುಂಚ ತಾಕಿದ ಮೇಲೆಯೇ ನೋಡಲು ಬಂದವರಿಗೆ ಬಾಗಿಲು ತೆರೆಯುವುದು. ಸಂಬಳದಲ್ಲಿ ಉಳಿದದ್ದೆಲ್ಲ ಇಂಥ ಮನೆಗಳ, ಅವುಗಳೊಳಗಿನ ಸಾಮಾನಿನ ಕುರಿತ ಹಳೆಯ ಪುಸ್ತಕಗಳಿಗೆ. ಅವರ ಅಡುಗೆಮನೆಯಲ್ಲೇ ಮುನ್ನೂರು ಇವೆ. ಬಟಾಣಿ ಡಬ್ಬಗಳು ಮಂಚದ ಕೆಳಗೆ ಸರಿದಿವೆ.

ವಿದರ್ಲಿಯ ಕೋಣೆಕೋಣೆಯ ಚಿತ್ರಗಳಿರುವ ಎರಡು ಸಂಪುಟ 1826ರಲ್ಲಿ ಅಚ್ಚಾದವು, ಮಹಡಿಗೊಂದರಂತೆ. ಕೆಳಮಹಡಿಯದು ಹಿಲ್ಡಾ ಬಳಿ ಇದೆ. ಮನೆಯ ಮೇಲ್ಮಹಡಿಯೇ 1911ರ ಬೆಂಕಿಯಲ್ಲಿ ಹೋಯಿತು. ಅಲ್ಲೀಗ ಪಾರಿವಾಳಗಳ ವಾಸ. "ಮೆಟ್ಟಿಲು ದಿನಾ ಒರೆಸ್ತೀನಿ. ಹತ್ತಿ ಹೋದ್ರೆ ಬರೀ ಆಕಾಶ. ಅಲ್ಲಿ ಏನಿತ್ತು ಅಂತ ಒಂದ್ಸಲ ನೋಡ್ಬೇಕಲ್ಲ?" ಎನ್ನುತ್ತಾರೆ. ಈಗ ಕೈಯಲ್ಲಿರುವುದು ಅದೇ ಎರಡನೆಯ ಸಂಪುಟ.

ಸಂತೆಯ ಕಟ್ಟಳೆ ಸರಳ: ಕೈಯಲ್ಲಿರುವ ತನಕ ಮಾಲು ನಿಮ್ಮದು, ಕೆಳಗಿಟ್ಟರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆದರೆ ಪುಸ್ತಕ ಕೂಡಿಡುವವರಿಗೆ ಕೊಳ್ಳುವ ಮೊದಲು, ಯಾವುದೂ ಕಿತ್ತುಹೋಗಿಲ್ಲ ತಾನೇ ಎಂದು ಚಿತ್ರದ ಹಾಳೆ ಎಣಿಸುವ ಚಟ. ಕನ್ನಡಕ ಹುಡುಕಲು ಹಿಲ್ಡಾ ಪುಸ್ತಕವನ್ನು ಪೆಟ್ಟಿಗೆಯ ಮೇಲಿಡುತ್ತಾರೆ. ಹಿಂದಿನಿಂದ ಬಂದ ಕೈಯೊಂದು ಅದನ್ನು ಎತ್ತಿಕೊಳ್ಳುತ್ತದೆ.

ಕೈ ಕ್ರಿಸ್ಪಿನ್ ವೇರಿಂಗ್‌ನದು. ಹಳೆಯ ಪುಸ್ತಕ ಬಿಚ್ಚಿ, ಚಿತ್ರಗಳಿಗೆ ಕಟ್ಟು ಹಾಕಿಸಿ ಮಾರುವುದು ಅವನ ವ್ಯಾಪಾರ.

"ಏ ಕಟುಕ, ಅದು ನಂದು ಕಣೋ!"

"ಕೆಳಗಿಟ್ಟೆಯಲ್ಲ ಹಿಲ್ಡಾ. ಇಷ್ಟು ವರ್ಷ ಸಂತೆ ಸುತ್ತಿದೀಯ, ನಾನು ಹೇಳ್ಕೊಡ್ಬೇಕಾ?"

"ಬೇಕಾದ್ರೆ ನನ್ನ ಚರ್ಮ ಸುಲಿ. ಅದರ ಹೊಲಿಗೆ ಮಾತ್ರ ಬಿಚ್ಚಬೇಡ."

ಮಾರಲು ಕುಳಿತ ಅಜ್ಜಿ ಎಡ್ನಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಾರೆ. "ಜಗಳ ಆಡಿ, ಆಡಿ. ಇಷ್ಟೊತ್ತಿಗೆ ಟೀವೀಲೂ ಏನೂ ಇರಲ್ಲ."

ಕ್ರಿಸ್ಪಿನ್ ಹಾಳೆ ತಿರುವುತ್ತಾನೆ. ಮುಖ ಬಾಡುತ್ತದೆ. ಯಾವ ಕಾಲದ್ದೋ ಮಗುವೊಂದು ಬಣ್ಣ ಹಿಡಿದು ಇಡೀ ಮೇಲ್ಮಹಡಿ ಸುತ್ತಿಬಂದಿದೆ. ಗೋಡೆಯ ಪಟಗಳಲ್ಲಿನ ಹಿರಿಯರಿಗೆಲ್ಲ ಹಸಿರು ಮೀಸೆ, ಪ್ರತಿ ಮಂಚದ ಕೆಳಗೂ ಒಂದು ಕೆಂಪು ಬೆಕ್ಕು.

"ಥೂ, ಒಂದೂ ಗೋಡೆಗೆ ಹಾಕೋ ಹಾಗಿಲ್ಲ," ಎಂದು ಪುಸ್ತಕ ಕೆಳಗಿಡುತ್ತಾನೆ.

ಕೆಳಗಿಟ್ಟನಲ್ಲ! ಹಿಲ್ಡಾ ಅದನ್ನು ಎದೆಗವುಚಿಕೊಳ್ಳುತ್ತಾರೆ. "ಇನ್ನು ಕನ್ನಡಕ ಹಾಳಾಗಿ ಹೋದ್ರೂ ಇಡಲ್ಲ ಮಾರಾಯ." ಕ್ರಿಸ್ಪಿನ್‌ಗೂ ನಗು ತಡೆಯಲಾಗುವುದಿಲ್ಲ.

ಎಡ್ನಾಗೆ ದುಡ್ಡು ಕೊಟ್ಟು ಮನೆಗೆ ಬಂದ ಹಿಲ್ಡಾ ಪುಸ್ತಕದ ಒಂದೊಂದೇ ಕೋಣೆ ಹೊಕ್ಕು ನೋಡುತ್ತಾರೆ. "ಮಂಚ ಕೇಳಿದ್ದೆ, ಬೆಕ್ಕೂ ಸಿಕ್ತು. ನಾಳೆ ಮೆಟ್ಟಿಲು ಒರೆಸುವಾಗ ಮೇಲೆ ಬರೀ ಆಕಾಶ ಇರಲ್ಲ ನೋಡಿ."

ಅಡುಗೆಮನೆಯ ಕಪಾಟಿನಲ್ಲಿ ಮೊದಲ ಸಂಪುಟದ ಪಕ್ಕದಲ್ಲಿ, ಅದರಷ್ಟೇ ಅಗಲದ ಜಾಗವನ್ನು ಅವರು ಹನ್ನೊಂದು ವರ್ಷದಿಂದ ಕಾದಿಟ್ಟಿದ್ದಾರೆ. ಈ ಪುಸ್ತಕ ಅದಕ್ಕಿಂತ ದಪ್ಪ, ಒಳಗೆ ಹೋಗುವುದಿಲ್ಲ. ಹಿಲ್ಡಾ ನಗುತ್ತಾ, ಜಾಗ ಮಾಡಲು ಪಕ್ಕದ ಉಪ್ಪಿನ ಡಬ್ಬ ಕೆಳಗಿಳಿಸಿ, ಅಳತೆಪಟ್ಟಿ ಹಿಡಿಯುತ್ತಾರೆ. ಮೇಲ್ಮಹಡಿಯ ದಪ್ಪ ಐದು ಸೆಂಟಿಮೀಟರ್ ಎರಡು ಮಿಲಿಮೀಟರ್.