ಮಗ್ಗ ನಿಂತರೆ ಏಳುವ ಕೂಸು

ನರಗುಂದದಲ್ಲಿ ನಾನಿರುವ ಓಣಿಯ ತುದಿಗೆ ಒಂದು ಹಿಟ್ಟಿನ ಗಿರಣಿ ಇದೆ. ಹೋದ ತಿಂಗಳು ಜೋಳ ಬೀಸಿಸಲು ಹೋಗಿದ್ದೆ. ಬಿಸಿ ಹಿಟ್ಟಿನ ವಾಸನೆ ಬೀದಿಯವರೆಗೂ ಬಂದಿತ್ತು, ಗಿರಣಿಯ ಸದ್ದು ನೆಲದ ಕಲ್ಲುಗಳನ್ನು ಹಾದು ಅಂಗಾಲಿಗೆ ತಾಗುತ್ತಿತ್ತು. ಗೋಡೆಯ ಪಕ್ಕ ಒಬ್ಬ ಹೆಣ್ಣುಮಗಳು ತನ್ನ ಪಾಳಿಗಾಗಿ ಕಾಯುತ್ತ ಕೂತಿದ್ದಳು. ಅವಳ ಮಗ್ಗುಲಲ್ಲಿ, ಖಾಲಿ ಚೀಲದ ಮೇಲೆ, ಇನ್ನೂ ಹಲ್ಲು ಬಾರದ ಕೂಸೊಂದು ಆ ಗದ್ದಲದಲ್ಲೇ ಬಾಯಿ ತೆರೆದು ನಿದ್ದೆ ಹೋಗಿತ್ತು. ಪಟ್ಟಾ ಜಾರಿತೆಂದು ಗಿರಣಿಯವನು ಯಂತ್ರ ನಿಲ್ಲಿಸಿದ. ಕೂಸು ಕಣ್ಣು ಬಿಟ್ಟಿತು, ಅತ್ತ ಇತ್ತ ನೋಡಿತು, ಅಳತೊಡಗಿತು. "ಇದರದು ಹಿಂಗ ನೋಡ್ರಿ," ಎಂದಳು ತಾಯಿ. "ಸಪ್ಪಳ ಇದ್ರ ಮಲಗತೈತಿ, ನಿಂತ್ರ ಏಳತೈತಿ. ಗಿರಣಿ ಬಾಜೂಕ ಮನಿ ಐತಲ್ರಿ, ರೂಢಿ ಆಗೇತಿ." ನಮ್ಮ ಮನೆಯಲ್ಲೂ ಹಾಗೇ ಇತ್ತು ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಅದು ಜಾಗವಾಗಿರಲಿಲ್ಲ. ಹಿಟ್ಟು ತೆಗೆದುಕೊಂಡು ಮನೆಗೆ ಬಂದೆ.

ನಮ್ಮ ಮನೆ ಗಜೇಂದ್ರಗಡದ ನೇಕಾರರ ಓಣಿಯಲ್ಲಿತ್ತು. ಈಗ ಅಲ್ಲಿ ಬೇರೆಯವರ ಎರಡಂತಸ್ತಿನ ಕಟ್ಟಡವಿದೆ. ಆಗ ಅದು ಉದ್ದಕ್ಕೆ ಚಾಚಿಕೊಂಡ, ಬೆಳಕು ಕಡಿಮೆಯ ಮನೆ. ಬಾಗಿಲು ದಾಟಿದರೆ ಮೊದಲ ಅಂಕಣದಲ್ಲೇ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಪ್ಪ ನೇಯುತ್ತಿದ್ದ. ಗೋಡೆಗೆ ಒರಗಿ ಅವ್ವ ರಾಟಿ ತಿರುಗಿಸಿ ಕಂಡಕಿಗೆ ನೂಲು ಸುತ್ತುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಕಡಿದುಹೋದ ಎಳೆಗಳನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸುತ್ತಿದ್ದಳು. ಗಂಜಿ ಹಾಕಿದ ನೂಲಿನ ಹುಳಿವಾಸನೆ ನಮ್ಮ ಬಟ್ಟೆಗೆ, ಪಾಟಿಚೀಲಕ್ಕೆ, ರೊಟ್ಟಿಯ ಬುಟ್ಟಿಗೆ ಅಂಟಿಕೊಂಡೇ ಇರುತ್ತಿತ್ತು. ಸಾಲಿಯಲ್ಲಿ ನನ್ನ ಪಕ್ಕ ಕೂತವರು ಮೂಗು ಮುಚ್ಚಿದಾಗಲೇ ಅದು ವಾಸನೆ ಎಂದು ನನಗೆ ತಿಳಿದದ್ದು. ಮಗ್ಗದ ಸದ್ದು ಬೆಳಿಗ್ಗೆಯಿಂದ ಸಂಜೆಯವರೆಗೆ. ಆ ಸದ್ದಿನ ಮೇಲೆ ಕೂಗಿ ಗಂಟಲು ಹರಿದುಕೊಳ್ಳುವವರು ಯಾರು? ಹಾಗಾಗಿ ನಮ್ಮ ಮನೆಯಲ್ಲಿ ಅರ್ಧ ಮಾತು ಕೈಯಲ್ಲೇ ಆಗುತ್ತಿತ್ತು. ಹೆಬ್ಬೆರಳು ಬಾಯಿಗೆ ಹಚ್ಚಿದರೆ ನೀರು. ಅಂಗೈ ಬಡಿದರೆ ರೊಟ್ಟಿ ಆಗಿದೆ. ಅಪ್ಪನಿಗೆ ಯಾರಾದರೂ ಬೇಕಾದರೆ ನೆಲದ ಕಲ್ಲನ್ನು ಮುಷ್ಟಿಯಿಂದ ಗುದ್ದುತ್ತಿದ್ದ; ನಾವು ತಿರುಗಿ ನೋಡುತ್ತಿದ್ದೆವು.

ಇಂಥ ಮನೆಯಲ್ಲಿ ಮಕ್ಕಳನ್ನು ಸಾಕುವುದಕ್ಕೆ ಅದರದೇ ಆದ ಕಟ್ಟಲೆಗಳಿದ್ದವು. ಅಂಬೆಗಾಲಿಡುವ ಕೂಸು ಕುಣಿಗೆ ಬೀಳದಂತೆ ಹಳೆಯ ಸೀರೆಯ ಅಂಚನ್ನು ಅದರ ಸೊಂಟಕ್ಕೆ ಸುತ್ತಿ ಕಂಬಕ್ಕೆ ಕಟ್ಟಬೇಕು. ಅಪ್ಪ ಮೇಲೆದ್ದರೆ ಕುಣಿಗೆ ಹಲಗೆ ಮುಚ್ಚಬೇಕು. ಬಣ್ಣದ ಪುಡಿ, ಸೀಮೆ ಎಣ್ಣೆ ಕೈಗೆ ಸಿಗದಂತೆ ಗೋಡೆಯ ಮಾಡದಲ್ಲಿರಬೇಕು. ಮಜೂರಿ ಬಂದ ದಿನ ಅವ್ವ ಮೊದಲು ಜೋಳ ತರಿಸುತ್ತಿದ್ದಳು, ಆಮೇಲೆ ಎಣ್ಣೆ, ಆಮೇಲೆ ಸಾಲಿಯದು. ದವಾಖಾನೆಗೆಂದು ಬೇರೆ ತೆಗೆದಿಡುವ ರೂಢಿ ಇರಲಿಲ್ಲ. ಜಡ್ಡು ಬಂದಾಗ ನೋಡಿದರಾಯಿತು ಎನ್ನುವುದು ಎಲ್ಲ ಮನೆಗಳ ಲೆಕ್ಕಾಚಾರ. ನಿಮ್ಮ ಮನೆಯದೂ ಬಹುಶಃ ಅದೇ ಆಗಿತ್ತು. ಇನ್ನೊಂದು ಕಟ್ಟಲೆ ಕಿವಿಯದು. ಮಗ್ಗದ ಮನೆಯ ಕೂಸು ಸದ್ದಿನಲ್ಲಿ ಮಲಗುತ್ತದೆ, ಸದ್ದು ನಿಂತರೆ ಏಳುತ್ತದೆ. ಎದ್ದರೆ ಕಿವಿ ಸರಿ ಇವೆ ಎಂದರ್ಥ. ನನ್ನನ್ನೂ ಹಾಗೇ ನೋಡಿದ್ದರಂತೆ, ಅಪ್ಪನನ್ನೂ.

ನನ್ನ ತಂಗಿ ನೀಲವ್ವ, ಮನೆಯವರ ಬಾಯಲ್ಲಿ ನೀಲಿ, ಇನ್ನೂ ಕೂಡ್ರಲು ಕಲಿಯುತ್ತಿದ್ದಾಗ ಅವಳಿಗೆ ದೊಡ್ಡ ಜ್ವರ ಬಂತು. ಮೈ ಕಾದ ಹಂಚಿನ ಹಾಗಿತ್ತು, ಕಣ್ಣು ಮೇಲಕ್ಕೆ ತೇಲಿದ್ದವು. ಅಪ್ಪ ಅವಳನ್ನು ಎತ್ತಿಕೊಂಡು ಓಡಿದ. ದವಾಖಾನೆಯಲ್ಲಿ ಕೆಲವು ದಿನ ಇದ್ದರು. ಕೂಸು ಉಳಿಯಿತು. ಮನೆಗೆ ಬಂದ ದಿನ ಆಯಿ ಅವಳನ್ನು ಸೀರೆಯ ಜೋಳಿಗೆಯಲ್ಲಿ ಮಲಗಿಸಿ, ಅಪ್ಪನಿಗೆ ನೇಯಲು ಹೇಳಿದಳು. ನೀಲಿ ಮಲಗಿದಳು. ಆಯಿ ಕೈ ಎತ್ತಿದಳು. ಅಪ್ಪ ಮಗ್ಗ ನಿಲ್ಲಿಸಿದ. ನಾವೆಲ್ಲ ಜೋಳಿಗೆಯನ್ನೇ ನೋಡುತ್ತ ನಿಂತೆವು. ಬಟ್ಟೆಯೊಳಗೆ ಒಂದು ಕಾಲು ಅಲುಗಿತು, ಆಮೇಲೆ ಅಳು ಬಂತು. "ಎದ್ಲು! ಕಿವಿ ಗಟ್ಟಿ ಅದಾವ ನಮ್ಮ ಹುಡುಗೀವು," ಎಂದಳು ಆಯಿ. ಅವ್ವ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಬಾಯಿಗೂ ಬೆಲ್ಲದ ಚೂರು ಬಂತು. ಎಳೆಗಳನ್ನು ಬಡಿದು ಕೂಡಿಸುವ ಮಗ್ಗದ ಹಲಗೆ ತೂಗುತ್ತಿದ್ದ ತೊಲೆಗೇ ಜೋಳಿಗೆಯನ್ನೂ ಕಟ್ಟಿತ್ತು. ಅಪ್ಪ ಹಲಗೆ ಎಳೆದಾಗಲೆಲ್ಲ ತೊಲೆ ನಡುಗುತ್ತಿತ್ತು, ತೊಲೆಯ ನಡುಕ ಕೂಸಿನ ಬೆನ್ನಿಗೆ ಇಳಿಯುತ್ತಿತ್ತು. ಇದು ಎಲ್ಲರ ಕಣ್ಣೆದುರಿಗೇ ಇತ್ತು.

ನೀಲಿ ಚೆನ್ನಾಗಿ ಬೆಳೆದಳು. ನಡೆದಳು, ನಕ್ಕಳು, ಕಂಡಕಿಗಳನ್ನು ಬಣ್ಣದ ಪ್ರಕಾರ ಸಾಲಾಗಿ ಹಚ್ಚಿದಳು. ಅಪ್ಪ ಕಲ್ಲು ಗುದ್ದಿದರೆ ನಮಗಿಂತ ಮೊದಲು ಅವಳೇ ತಿರುಗುತ್ತಿದ್ದಳು. ಕೈ ಮಾತು ನಮಗಿಂತ ಲಗೂ ಕಲಿತಳು. ಹೊಸದನ್ನು ಕೂಡಿಸಿದಳು ಕೂಡ. ಆಯಿಗೆ ಅವಳಿಟ್ಟ ಗುರುತು ಮೂಗಿನ ಮೇಲೊಂದು ಬೆರಳು, ನತ್ತಿನ ಜಾಗ. ಬಾಯಿಂದ ಮಾತ್ರ ಮಾತು ಬರಲಿಲ್ಲ. "ಇವರಪ್ಪನೂ ತಡಾ ಮಾಡೇ ಮಾತಾಡ್ಯಾನ," ಎನ್ನುತ್ತಿದ್ದಳು ಆಯಿ. "ಒಮ್ಮೆ ಸುರು ಮಾಡಿದ ಮ್ಯಾಲ ಇವತ್ತಿನ ತನಕಾ ಬಾಯಿ ಮುಚ್ಚಿಲ್ಲ." ಅಪ್ಪ ಮಗ್ಗದಿಂದಲೇ, "ಮಗ್ಗದ ಸಪ್ಪಳಕ್ಕ ಈ ಮುದುಕಿಗೆ ಕೇಳಾಂಗಿಲ್ಲ ಅಂತ ತಿಳಕೊಂಡಿದ್ದೆ, ಎಲ್ಲಾ ಕೇಳತಾಳ," ಎಂದು ನಗುತ್ತಿದ್ದ. ಅಂಗನವಾಡಿಯ ಅಕ್ಕೋರು ಒಂದು ದಿನ ಬಾಗಿಲಲ್ಲಿ ನಿಂತು, ಹುಡುಗಿಯ ಕಿವಿ ಒಮ್ಮೆ ದೊಡ್ಡ ದವಾಖಾನೆಯಲ್ಲಿ ತೋರಿಸಿ ಎಂದರು. ಆಯಿಗೆ ಸಿಟ್ಟು ಬಂತು. "ನಿಮ್ಮ ಮನ್ಯಾಗ ಮಗ್ಗ ಐತೇನ್ರಿ ಅಕ್ಕೋರ?"

"ಇಲ್ರೀ ಆಯಿ."

"ಹಂಗಾರ ನಿಮಗ ತಿಳಿಯಾಂಗಿಲ್ಲ ಬಿಡ್ರಿ. ಚಾ ಕುಡದು ಹೋಗ್ರಿ."

ಅಕ್ಕೋರು ಚಹಾ ಕುಡಿದು ಹೋದರು. ಸಂಜೆ ಅವ್ವ ನೀಲಿಯ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದದ್ದನ್ನು ನಾನು ನೋಡಿದೆ. ಮಗ್ಗ ಇನ್ನೂ ನಡೆದಿತ್ತು. ಆ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ ಎಂದುಕೊಂಡಳೋ ಏನೋ, ಒಳಗೆ ಹೋದಳು.

ಅವ್ವನ ತಂಗಿಯನ್ನು ಸವಡಿ ಹಳ್ಳಿಗೆ ಕೊಟ್ಟಿತ್ತು. ಆ ಚಿಗವ್ವನ ಮಗನಿಗೆ ಹೆಸರಿಡುವ ಕಾರ್ಯಕ್ಕೆ ಅವ್ವ, ನಾನು, ನೀಲಿ ಹೋದೆವು. ಒಕ್ಕಲುತನದ ಮನೆ. ಹಿತ್ತಲಿನಲ್ಲಿ ಮೆತ್ತನೆಯ ಎರೆಮಣ್ಣಿನ ನೆಲ, ನೆಲದ ತುಂಬ ಹೊಟ್ಟು, ಮಗ್ಗವಿಲ್ಲದ ಮಧ್ಯಾಹ್ನದ ಸ್ತಬ್ಧತೆ. ನೀಲಿ ನಮಗೆ ಬೆನ್ನು ಹಾಕಿ ಕೂತು ಜೋಳದ ಕಾಳುಗಳನ್ನು ಸಾಲಾಗಿ ಇಡುತ್ತಿದ್ದಳು. ಪಡಸಾಲೆಯ ಬಾಗಿಲಲ್ಲಿ ಚಿಗವ್ವನ ಕೈಯಿಂದ ಹಿತ್ತಾಳೆಯ ಪರಾತ ಜಾರಿ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ನಾನು ಬೆಚ್ಚಿದೆ. ತೊಟ್ಟಿಲಲ್ಲಿದ್ದ ಕೂಸು ಚೀರಿತು. ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿದವು. ನೀಲಿ ಇನ್ನೊಂದು ಕಾಳು ಇಟ್ಟಳು. ಚಿಗವ್ವ ಅವ್ವನ ಮುಖ ನೋಡಿದಳು. ಪರಾತ ಎತ್ತಿಕೊಂಡು, ನಿಂತಲ್ಲೇ, ಸಟ್ಟುಗದಿಂದ ಬಡಿದಳು. ಒಮ್ಮೆ, ಮತ್ತೊಮ್ಮೆ, ಜೋರಾಗಿ. ಅಡುಗೆಮನೆಯಲ್ಲಿದ್ದವರು ಏನಾಯಿತೆಂದು ಹೊರಗೆ ಬಂದರು. "ಬಿಡ ತಂಗಿ," ಎಂದಳು ಅವ್ವ. "ಸಾಕ." ಆಮೇಲೆ ಎಲ್ಲರೂ ಉಂಡೆವು. ಹೋಳಿಗೆ ಮಾಡಿದ್ದರು. ಅವ್ವ ಬಡಿಸಿದಳು ಕೂಡ. ಹೆಸರಿಡುವಾಗ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಆಕೆ ಬಗ್ಗಿ ಹೆಸರು ಉಸುರಿದಾಗ ಅವ್ವ ಹೊರಗೆ ನಡೆದಳು.

ಮನೆಗೆ ಬಂದ ಮೇಲೆ ಅಪ್ಪ ನಂಬಲಿಲ್ಲ. "ಮಗ್ಗಕ್ಕ ಏಳತಾಳಲ್ಲ, ಖರೇ ಹೇಳು, ಏಳತಾಳೋ ಇಲ್ಲೋ?" ಎಂದ. ಅವ್ವ ವಾದಕ್ಕೆ ನಿಲ್ಲಲಿಲ್ಲ. ನೀಲಿಯನ್ನು ಎತ್ತಿಕೊಂಡು ಹೊರಗೆ ಬಂದು, ಬಾಗಿಲಿಗೆ ಬೆನ್ನು ಹಾಕಿ ಓಣಿಯ ಮಣ್ಣಿನ ಮೇಲೆ ನಿಂತಳು. "ಈಗ ನೇಯಿರಿ," ಎಂದಳು. ಅಪ್ಪ ನೇಯ್ದ. "ನಿಲ್ಲಸ್ರಿ." ನಿಲ್ಲಿಸಿದ. ನೀಲಿ ಅವ್ವನ ಹೆಗಲ ಮೇಲೆ ಕೆನ್ನೆಯಿಟ್ಟು ಎದುರು ಮನೆಯ ಮೇಕೆಯನ್ನು ನೋಡುತ್ತಿದ್ದಳು. ಮತ್ತೆ ನೇಯ್ದ, ಮತ್ತೆ ನಿಲ್ಲಿಸಿದ. ಅವ್ವ ಮಗಳನ್ನು ಒಳಗೆ ತಂದು ಕಲ್ಲು ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದಳು. ಈ ಸಲ ಅಪ್ಪ ಮಗ್ಗ ಸುರು ಮಾಡಿದ ಕೂಡಲೇ ನೀಲಿ ತನ್ನ ಪಾದ ನೋಡಿಕೊಂಡು ನಕ್ಕಳು. ಅಪ್ಪ ಕುಣಿಯಲ್ಲೇ ಕೂತಿದ್ದ. ಆಯಿ ಎಳೆ ಹೊಸೆಯುವುದನ್ನು ಬಿಟ್ಟಿರಲಿಲ್ಲ, ಆದರೆ ಬೆರಳ ನಡುವೆ ಎಳೆ ಇರಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಅಪ್ಪ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೇಯತೊಡಗಿದ, ಆ ಸೀರೆ ಮುಗಿಯುವುದಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ತಪಾಸಣೆ ಆಯಿತು. ಜ್ವರದಿಂದ ಹೋಯಿತೋ ಹುಟ್ಟಿನಿಂದಲೇ ಇರಲಿಲ್ಲವೋ ಎಂಬುದನ್ನು ಯಾರೂ ಖಚಿತವಾಗಿ ಹೇಳಲಿಲ್ಲ, ನಾನೂ ಹೇಳಲಾರೆ. ಕಿವಿಗೆ ಹಾಕುವ ಯಂತ್ರದಿಂದ ಹೆಚ್ಚು ಉಪಯೋಗವಾಗಲಿಕ್ಕಿಲ್ಲ, ಇನ್ನೂ ಮುಂಚೆ ಬಂದಿದ್ದರೆ ಬೇರೆ ಮಾತು ಎಂದರು. ಧಾರವಾಡದ ಕಡೆ ಇಂಥ ಮಕ್ಕಳನ್ನು ಇಟ್ಟುಕೊಂಡು ಕಲಿಸುವ ಸಾಲಿ ಇದೆ, ಅಲ್ಲಿ ಬಿಡಿ ಎಂದರು. ಬಿಡುವುದೋ ಬೇಡವೋ ಎಂಬುದರ ಮೇಲೆ ಮನೆಯಲ್ಲಿ ಒಂದು ವರ್ಷ ವಾದ ನಡೆಯಿತು. ಅಪ್ಪ ಅವಳನ್ನು ಓಣಿಗೆ ಬಿಡುವುದನ್ನೇ ನಿಲ್ಲಿಸಿದ. ಹಿಂದಿನಿಂದ ಟ್ರ್ಯಾಕ್ಟರ್ ಬಂದರೆ, ಎಮ್ಮೆ ಬಂದರೆ ಎಂಬ ಹೆದರಿಕೆ. ಓರಗೆಯ ಹುಡುಗಿಯರು ಬಾಗಿಲಿಗೆ ಬಂದು ಕೈ ಬೀಸಿ ಕರೆದು, ಆಮೇಲೆ ಬರುವುದನ್ನು ಬಿಟ್ಟರು. ನೀಲಿ ಮಗ್ಗದ ಪಕ್ಕ ಕೂತು ಬೀದಿ ನೋಡುತ್ತಿದ್ದಳು. ಸಾಲಿಯ ಮಾತೆತ್ತಿದರೆ ಆಯಿ ಎದ್ದು ಹೋಗುತ್ತಿದ್ದಳು. "ಇಲ್ಲೆ ಅದರ ಮಾತು ಎಲ್ಲಾರಿಗೂ ತಿಳೀತೈತಿ. ಅಲ್ಲೆ ಹಸದ್ರ ಯಾರಿಗೆ ಹೇಳಬೇಕ ಅದು?"

"ಇಲ್ಲೆ ಅಂದ್ರ ಯಾರಿಗೆ ಅತ್ತಿ?" ಎಂದಳು ಅವ್ವ. "ಈ ನಾಕ ಮಂದಿಗೆ. ನೀರು, ರೊಟ್ಟಿ, ಬಾ, ಹೋಗು. ಜಲ್ಮ ಎಲ್ಲಾ ಇಷ್ಟ ಮಾತಾಡಿಕೋತ ಇರಬೇಕೇನು ಅಕಿ?"

ಅತ್ತೆಗೆ ಎದುರಾಡಿದ್ದು ನಾನು ಕಂಡಂತೆ ಅದೊಂದೇ ಸಲ. ಸಾಲಿಗೆ ಫೀ ಇರಲಿಲ್ಲ, ಹೋಗಿಬರುವ ಖರ್ಚು ಇತ್ತು. ಅವ್ವ ಪಕ್ಕದ ಮನೆಗಳ ಕಂಡಕಿಯನ್ನೂ ಸುತ್ತತೊಡಗಿದಳು. ಆ ಜೂನಿನಲ್ಲಿ ನೀಲಿಯನ್ನು ಬಿಡಲು ನಾವು ಬಸ್ಸು ಹತ್ತಿದೆವು. ರೋಣ ದಾಟುವವರೆಗೆ ನೀಲಿ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಹಿಡಿದಿದ್ದಳು, ಆಮೇಲೆ ನಿದ್ದೆ ಹೋದಳು. ಸಾಲಿಯ ಅಂಗಳದಲ್ಲಿ ಅವಳದೇ ವಯಸ್ಸಿನ ಇಬ್ಬರು ಹುಡುಗಿಯರು ಬಂದು ಅವಳ ಮುಂದೆ ಕೈ ಆಡಿಸಿದರು. ಅವಳು ಅವರ ಕೈಗಳನ್ನು ನೋಡಿದ ರೀತಿ ನನಗೆ ನೆನಪಿದೆ. ನಾವು ಹೊರಟಾಗ ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಅವ್ವ ಅದನ್ನೇ ಹೇಳಿದಳು: "ನೋಡಲಿಲ್ಲ. ಚಲೋ ಆತು."

ಮೊದಲ ದೀಪಾವಳಿಯ ಸೂಟಿಗೆ ಬಂದಾಗ ಅವಳ ಕೈ ಬದಲಾಗಿತ್ತು. ಬೆರಳುಗಳು ಎಷ್ಟು ಬೇಗ ಓಡುತ್ತಿದ್ದವೆಂದರೆ ನಾವು ಒಂದನ್ನು ಹಿಡಿಯುವುದರೊಳಗೆ ಹತ್ತು ಹೋಗಿರುತ್ತಿದ್ದವು. ಏನನ್ನೋ ಹೇಳುತ್ತಿದ್ದಳು, ಕೇಳುತ್ತಿದ್ದಳು, ನಾವು ತಲೆಯಾಡಿಸಿದರೆ ನಮ್ಮ ಮುಖ ಪರೀಕ್ಷಿಸಿ ಕೈ ಇಳಿಸುತ್ತಿದ್ದಳು. ಆಮೇಲೆ ನಮಗಾಗಿ ನಿಧಾನ ಮಾಡಿದಳು. ಸಣ್ಣ ಮಕ್ಕಳೊಡನೆ ದೊಡ್ಡವರು ಮಾತಾಡುವಂತೆ, ನೀರು, ರೊಟ್ಟಿ, ಬಾ, ಹೋಗು. ಆಯಿ ಮುಂದಿನ ಬೇಸಿಗೆ ಕಾಣಲಿಲ್ಲ. ಅಪ್ಪನ ಕಣ್ಣು ಮಂದವಾದ ಮೇಲೆ ಮಗ್ಗ ಬಿಚ್ಚಿದರು, ಕುಣಿಗೆ ಮಣ್ಣು ತುಂಬಿದರು, ಓಣಿಯಲ್ಲಿ ಒಂದೊಂದೇ ಮನೆ ಹಾಗೆ ಸುಮ್ಮನಾಯಿತು. ಮನೆ ಮಾರಿ ಅಪ್ಪ, ಅವ್ವ ನನ್ನ ಜೊತೆ ನರಗುಂದಕ್ಕೆ ಬಂದರು. ನೀಲಿ ಓದಿದಳು. ಈಗ ಧಾರವಾಡದಲ್ಲೇ ಇದ್ದಾಳೆ, ಅಂಥದ್ದೇ ಒಂದು ಸಾಲಿಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ.

ಅಪ್ಪ ತೀರಿಕೊಂಡದ್ದು ಹೋದ ವರ್ಷ. ದಿವಸದ ಕಾರ್ಯಕ್ಕೆ ನೀಲಿಯ ಜೊತೆ ಅವಳ ನಾಲ್ಕೈದು ಗೆಳತಿಯರು ಬಂದಿದ್ದರು. ಊಟವಾದ ಮೇಲೆ ಅವರೆಲ್ಲ ಹಿಂದಿನ ಕೋಣೆಯಲ್ಲಿ ಸುತ್ತ ಕೂತರು. ನೀಲಿ ಮಾತಾಡಿದಳು. ಬಹಳ ಹೊತ್ತು, ನಿಲ್ಲಿಸದೆ, ಎರಡೂ ಕೈ, ಹುಬ್ಬು, ಹೆಗಲು ಎಲ್ಲ ಸೇರಿಸಿ. ಗೆಳತಿಯರು ಕಣ್ಣೊರೆಸಿಕೊಂಡರು. ಆಮೇಲೆ ಅವಳು ಏನನ್ನೋ ತೋರಿಸಿದಳು, ಒಬ್ಬಾಕೆ ತಡೆಯಲಾರದೆ ನಕ್ಕಳು, ಎಲ್ಲರೂ ನಕ್ಕರು, ನೀಲಿಯೂ ನಕ್ಕಳು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನ ಅಂತಾಳ?" ಎಂದು ನನ್ನನ್ನು ಕೇಳಿದಳು.

"ಅಪ್ಪನ ಸುದ್ದಿ."

"ಅದು ನನಗೂ ತಿಳೀತು. ಏನ ಅಂತಾಳ?"

ನನಗೆ ಗೊತ್ತಾಗಲಿಲ್ಲ. ಗೆಳತಿಯರು ಹೋದ ಮೇಲೆ ಫೋನಿನಲ್ಲಿ ಬರೆದು ಕೇಳಿದೆ. ನೀಲಿ ಓದಿದಳು, ನೀರು, ರೊಟ್ಟಿ ಎನ್ನುವಾಗಿನಂತೆ ನಮಗಾಗಿ ಚಿಕ್ಕದು ಮಾಡಿ ಎರಡೇ ಶಬ್ದ ಬರೆದು ನನ್ನ ಕಡೆ ತಿರುಗಿಸಿದಳು. ನಾನು ಅವ್ವನಿಗೆ ಓದಿ ಹೇಳಿದೆ: "ಅಪ್ಪ ಚಲೋ."

"ಅಷ್ಟ ಹೊತ್ತೂ ಇದನ್ನ ಅಂದ್ಲೇನು?" ಎಂದಳು ಅವ್ವ. ನೀಲಿ ನಮ್ಮಿಬ್ಬರ ತುಟಿಗಳನ್ನು ನೋಡುತ್ತ ಕೂತಿದ್ದಳು.